ಎಣ್ಣೆಯಲ್ಲದ ಎಣ್ಣೆ

ಗಾದಿಗನೂರಿನಲ್ಲಿ ನಮ್ಮ ಸೋದರತ್ತೆಯ ಮನೆ. ಹಳೇ ಮಣ್ಣಿನ ಗೋಡೆ, ಗೋಡೆಯಲ್ಲೊಂದು ಮಾಡ. ಮನೆಯ ಎಣ್ಣೆಗಳೆಲ್ಲ ಆ ಮಾಡದಲ್ಲಿ ಸಾಲಾಗಿ ನಿಂತಿರುತ್ತವೆ. ತಲೆಗೆ ಕೊಬ್ಬರಿ ಎಣ್ಣೆ, ದೀಪಕ್ಕೆ ಎಳ್ಳೆಣ್ಣೆ, ಹೊಟ್ಟೆ ಕಟ್ಟಿದರೆ ಹರಳೆಣ್ಣೆ, ನೆಗಡಿಗೆ ನೀಲಗಿರಿ ಎಣ್ಣೆ. ಒಂದು ಸಂಜೆ ಕರೆಂಟು ಹೋಗಿತ್ತು. ಮೂರು ವರ್ಷದ ಮೊಮ್ಮಗನಿಗೆ ಎರಡು ದಿನದಿಂದ ಹೊಟ್ಟೆ ಕಟ್ಟಿತ್ತು. ಅತ್ತೆ ಕತ್ತಲಲ್ಲೇ ಮಾಡಕ್ಕೆ ಕೈ ಹಾಕಿ, ಕೈಗೆ ಸಿಕ್ಕ ಸೀಸೆಯ ಮುಚ್ಚಳ ಬಿಚ್ಚಿ ಚಮಚಕ್ಕೆ ಬಗ್ಗಿಸಿದರು. ಚಮಚ ಮಗುವಿನ ಬಾಯಿಂದ ಒಂದು ಗೇಣು ದೂರವಿದ್ದಾಗ ನೀಲಗಿರಿಯ ವಾಸನೆ ಇಡೀ ಪಡಸಾಲೆಗೆ ಹಬ್ಬಿತು. ಅತ್ತೆಯ ಕೈ ಅಲ್ಲೇ ನಿಂತಿತು.

ದೀಪ ಹಚ್ಚಿ ನೋಡಿದರೆ ಎರಡೂ ಸೀಸೆ ಒಂದೇ ಅಳತೆಯವು, ಒಂದೇ ಬಣ್ಣದವು. ನಾನು ಬೆವತಿದ್ದೆ. ಅತ್ತೆ ಮಾತ್ರ ನಕ್ಕರು. “ಎರಡೂ ಎಣ್ಣೀನ ಅಲ್ಲೇನಪ್ಪಾ. ಒಂದ್ ಚಮಚಕ್ಕ ಏನಾಗ್ತಿತ್ತು?”

ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಸೀಸೆಯಲ್ಲಿದೆ. ಆದರೆ ಆ ಪ್ರಶ್ನೆ ಹುಟ್ಟಿದ್ದು ‘ಎಣ್ಣೆ’ ಎಂಬ ಮಾತಿನಿಂದ.

ಒಂದು ಹೆಸರು, ಎರಡು ವಸ್ತು

ಎಳ್ಳಿನ ‘ನೆಯ್’ ಅಂದರೆ ಎಳ್ಳಿನ ಜಿಡ್ಡು, ಅದೇ ಎಣ್ಣೆಯಾಯಿತು. ಸಂಸ್ಕೃತದ ತೈಲವೂ ಹೀಗೆಯೇ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಎರಡು ಭಾಷೆಗಳಲ್ಲೂ ಈ ಪದ ಹುಟ್ಟುವಾಗ ಜನರ ಮನಸ್ಸಿನಲ್ಲಿದ್ದದ್ದು ಗಾಣದಲ್ಲಿ ಹಿಂಡಿದ, ಕೈಗೆ ಅಂಟುವ, ಹೊಟ್ಟೆಗೆ ಇಳಿಯುವ ಪದಾರ್ಥ. ಅಂಥ ಎಣ್ಣೆಯ ಬಗ್ಗೆ ನಮ್ಮ ಸೀಮೆಗೆ ಭಯವೇ ಇರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಬೆಳಗಿನ ಜಾವ ಎದ್ದು ಕಾಲು ಲೀಟರಿಗೂ ಹೆಚ್ಚು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಹಚ್ಚಿಸಿಕೊಳ್ಳುತ್ತಿದ್ದ, ಅದೆಲ್ಲ ಬೆವರಾಗಿ ಹರಿಯುವ ತನಕ ಕತ್ತಿವರಸೆ ಮಾಡುತ್ತಿದ್ದ.

ಅದೇ ಅರಸ ಅಷ್ಟೇ ನೀಲಗಿರಿ ಎಣ್ಣೆ ಕುಡಿದಿದ್ದರೆ ಸೂರ್ಯ ಹುಟ್ಟುವುದನ್ನು ನೋಡುತ್ತಿರಲಿಲ್ಲ.

ನೀಲಗಿರಿ, ಲವಂಗ, ಪುದೀನ, ಗಂಧ, ಲ್ಯಾವೆಂಡರ್ ಇವುಗಳ ‘ಎಣ್ಣೆ’ಗೆ ಪುಸ್ತಕದ ಕನ್ನಡದಲ್ಲಿ ಸಾರಭೂತ ತೈಲ ಎನ್ನುತ್ತಾರೆ. ಅಂಗಡಿಯಲ್ಲಿ ಎಸೆನ್ಶಿಯಲ್ ಆಯಿಲ್ ಎಂದೇ ಕೇಳಬೇಕು. ಈಚೆಗೆ ಕೆಲವು ಸೀಸೆಗಳ ಮೇಲೆ ‘ಅಗತ್ಯ ತೈಲ’ ಎಂದು ಅಚ್ಚಾಗಿರುವುದನ್ನೂ ನೋಡಿದ್ದೇನೆ. ಎಸೆನ್ಸ್ ಎಂದರೆ ಗಿಡದ ಸಾರ, ಪರಿಮಳದ ತಿರುಳು. ಅದನ್ನು ‘ಅಗತ್ಯ’ ಮಾಡಿದವರು ಕೊಳ್ಳುವವರ ತಲೆಯಲ್ಲಿ ಇನ್ನೊಂದು ತಪ್ಪು ಬಿತ್ತಿದರು. ದೇಹಕ್ಕೆ ಅದರ ಅಗತ್ಯವೇನೂ ಇಲ್ಲ.

ಈ ಎರಡು ಎಣ್ಣೆಗಳ ಅಂತರ ತಿಳಿಯಲು ಪ್ರಯೋಗಾಲಯ ಬೇಡ. ಹಳೆಯ ನೋಟುಬುಕ್ಕಿನ ಹಾಳೆಯ ಮೇಲೆ ಒಂದು ಕಡೆ ಶೇಂಗಾ ಎಣ್ಣೆ, ಒಂದು ಕಡೆ ನೀಲಗಿರಿ ಎಣ್ಣೆ, ಒಂದೊಂದೇ ಹನಿ ಬಿಡಿ. ಮೊದಲಿಗೆ ಎರಡೂ ಕಾಗದವನ್ನು ಪಾರದರ್ಶಕ ಮಾಡುತ್ತವೆ. ಬಿಸಿಲಲ್ಲಿಟ್ಟು ಒಂದು ತಾಸಿನ ಮೇಲೆ ಬಂದು ನೋಡಿದರೆ ಶೇಂಗಾ ಎಣ್ಣೆಯ ಕಲೆ ಇದ್ದಲ್ಲೇ ಇರುತ್ತದೆ. ನೀಲಗಿರಿಯದು ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಜಿಡ್ಡು ಉಳಿದಿದ್ದರೆ ಅಂಗಡಿಯವನು ಅಗ್ಗದ ಎಣ್ಣೆ ಬೆರೆಸಿದ್ದಾನೆ ಎಂದು ಅನುಮಾನಿಸಬಹುದು.

ಮಾಯವಾದದ್ದು ಗಾಳಿಗೆ ಸೇರಿತು. ಶೇಂಗಾ ಎಣ್ಣೆಯ ಅಣುಗಳು ದಪ್ಪ, ಉದ್ದ. ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲದ ಬಾಲಗಳು ಅಂಟಿದ ಟ್ರೈಗ್ಲಿಸರೈಡ್‌ಗಳು ಅವು. ಕೂತಲ್ಲಿಂದ ಏಳುವುದಿಲ್ಲ. ಸಾರಭೂತ ತೈಲದಲ್ಲಿ ಇರುವುದು ಬಹುಮಟ್ಟಿಗೆ ಟರ್ಪೀನ್ ಮನೆತನದ ಹಗುರ ಅಣುಗಳು, ಹತ್ತು ಇಂಗಾಲದ ಆಸುಪಾಸಿನವು. ಅವು ಸುಲಭವಾಗಿ ಹಾರುತ್ತವೆ. ಹಾರುವುದರಿಂದಲೇ ನಮ್ಮ ಮೂಗಿಗೆ ತಾಗುತ್ತವೆ. ಚಿಕ್ಕವು, ಕೊಬ್ಬಿನಲ್ಲಿ ಕರಗುವಂಥವು ಆದ್ದರಿಂದ ಚರ್ಮವನ್ನೂ ದಾಟುತ್ತವೆ, ರಕ್ತದಿಂದ ಮಿದುಳಿಗೂ ನುಸುಳುತ್ತವೆ. ಪರಿಮಳವೂ ಅಪಾಯವೂ ಬರುವುದು ಈ ಒಂದೇ ಗುಣದಿಂದ.

ಅರ್ಧ ಕಿಲೋ ಎಲೆ, ಒಂದು ಚಮಚ

ಗಿಡ ಈ ಪರಿಮಳವನ್ನು ನಮಗಾಗಿ ಮಾಡಿದ್ದಲ್ಲ. ಎಲೆ ತಿನ್ನುವ ಹುಳುವನ್ನು ಓಡಿಸಲು, ಬೂಷ್ಟು ಹಿಡಿಯದಿರಲು, ಹೂವಿಗೆ ದುಂಬಿಯನ್ನು ಕರೆಯಲು ಮಾಡಿಕೊಂಡದ್ದು. ಎಲೆಯ ಸಣ್ಣ ಸಣ್ಣ ಚೀಲಗಳಲ್ಲಿ ಅದನ್ನು ಮಿತವಾಗಿ ಕೂಡಿಡುತ್ತದೆ. ಆ ಚೀಲಗಳನ್ನು ಬರಿದು ಮಾಡುವ ಹಳೆಯ ಉಪಾಯ ಹಬೆ. ನೀರು ಕುದಿಯುವುದು 100 ಡಿಗ್ರಿಗೆ, ನೀಲಗಿರಿಯ ಮುಖ್ಯ ಘಟಕ ಸಿನಿಯೋಲ್ ಕುದಿಯುವುದು 176 ಡಿಗ್ರಿಗೆ. ಆದರೆ ಬೆರೆಯದ ಎರಡು ದ್ರವ ಜೊತೆಗಿದ್ದರೆ ಎರಡರ ಆವಿಯ ಒತ್ತಡವೂ ಕೂಡಿಕೊಳ್ಳುತ್ತದೆ. 100 ಡಿಗ್ರಿಯ ಒಳಗೇ ಹಬೆಯ ಹೆಗಲೇರಿ ಸಿನಿಯೋಲ್ ಹೊರಡುತ್ತದೆ. ತಣಿಸಿದರೆ ಕೆಳಗೆ ನೀರು, ಮೇಲೆ ಎಣ್ಣೆ.

ನಮ್ಮ ರಾಜ್ಯಕ್ಕೆ ಈ ವಿದ್ಯೆ ದೊಡ್ಡ ಉದ್ಯಮವಾಗಿ ಬಂದದ್ದು ಯುದ್ಧದ ನೆಪದಲ್ಲಿ. ಮೈಸೂರಿನ ಗಂಧದ ಕೊರಡುಗಳು ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಗಂಧದೆಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ತಯಾರಿಕೆ ಶುರುವಾಯಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು. ನೂರು ಕಿಲೋ ಗಂಧದ ಚೇಗಿಗೆ ಸಿಗುವ ಎಣ್ಣೆ ಐದಾರು ಕಿಲೋ.

ನೀಲಗಿರಿ ಎಲೆಯಲ್ಲಿ ಇದು ಇನ್ನೂ ಕಡಿಮೆ. ನೂರು ಕಿಲೋ ಎಲೆಗೆ ಒಂದು ಕಿಲೋ ಎಣ್ಣೆ ಬಂತೆಂದು ಇಟ್ಟುಕೊಳ್ಳೋಣ. ಹಾಗಾದರೆ ಅತ್ತೆಯ ಚಮಚದಲ್ಲಿದ್ದ 5 ಮಿಲಿ ಎಷ್ಟು ಎಲೆಯ ಸಾರ? ಹೆಚ್ಚುಕಡಿಮೆ ಅರ್ಧ ಕಿಲೋ. ಮೂರು ವರ್ಷದ ಕೂಸಿಗೆ ಅರ್ಧ ಕಿಲೋ ನೀಲಗಿರಿ ಸೊಪ್ಪು ತಿನ್ನಿಸಿ ಎಂದರೆ ಯಾವ ಅಜ್ಜಿಯೂ ಒಪ್ಪುವುದಿಲ್ಲ. ಸೀಸೆಯಲ್ಲಿ ಆ ಸೊಪ್ಪಿನ ಹೊರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ‘ಗಿಡದ್ದು ತಾನೆ, ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತು ಎಲೆಗೆ ಒಪ್ಪೀತು. ಎಲೆಯ ನೂರು ಪಟ್ಟಿಗೆ ಒಪ್ಪುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಮೋಸವನ್ನೂ ಬಯಲು ಮಾಡುತ್ತದೆ. ವಿಜಯನಗರ ಜಿಲ್ಲೆಯ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಲ್ಲಿಗೆ ಎಷ್ಟು ನಾಜೂಕೆಂದರೆ ಹಬೆ ತಾಗಿದರೆ ಪರಿಮಳ ಕೆಡುತ್ತದೆ. ಅದಕ್ಕೆ ದ್ರಾವಕದಲ್ಲಿ ನೆನೆಸಿ ಮೇಣದಂಥ ಸಾರ ತೆಗೆಯುತ್ತಾರೆ. ಒಂದು ಟನ್ ಮೊಗ್ಗಿಗೆ ಸಿಗುವ ಮೇಣ ಎರಡೂವರೆ ಮೂರು ಕಿಲೋ, ಅದನ್ನು ಶುದ್ಧ ಮಾಡಿದರೆ ಅದರ ಅರ್ಧ. ಒಂದು ಮೊಳ ಹೂವಿನ ಬೆಲೆ ಗೊತ್ತಿರುವ ಯಾರಾದರೂ ಈ ಲೆಕ್ಕ ಮಾಡಬಲ್ಲರು. ಹಂಪಿಯ ಜಾತ್ರೆಯಲ್ಲೋ ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲೋ ನೂರು ರೂಪಾಯಿಗೆ ‘ಶುದ್ಧ ಮಲ್ಲಿಗೆ ಎಣ್ಣೆ’ ಸಿಕ್ಕರೆ ಅದು ಕಾರ್ಖಾನೆಯ ಪರಿಮಳ. ಬಟ್ಟೆಗೆ ಪೂಸಿಕೊಳ್ಳಲು ಅಡ್ಡಿಯಿಲ್ಲ, ಮೈಗೆ ತಿಕ್ಕಿಕೊಳ್ಳಲು ಅಲ್ಲ. ಒಳ್ಳೆಯ ಸೀಸೆಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ ಇರುತ್ತದೆ. ಬರೀ ‘ಪರ್ಫ್ಯೂಮ್ ಆಯಿಲ್’ ಎಂದಿದ್ದರೆ ಅದು ಬೇರೆ ಜಾತಿ.

ಮೂಗಿಗೆ ಆಗುವ ಮೋಜು

ಗಾದಿಗನೂರಿನಿಂದ ತೋರಣಗಲ್ಲಿನ ಕಡೆ, ಸಂಡೂರಿನ ಕಡೆ ಓಡಾಡುವವರಿಗೆ ಕೆಂಪು ಧೂಳು ಗೊತ್ತು. ಅದಿರಿನ ಲಾರಿ ಓಡಿಸುವವರ ಜೇಬಿನಲ್ಲಿ ಒಂದು ಮುಲಾಮಿನ ಡಬ್ಬಿ ಇದ್ದೇ ಇರುತ್ತದೆ. ಮೂಗಿನ ಕೆಳಗೆ ಒಂದಿಷ್ಟು ಸವರಿಕೊಂಡರೆ ‘ಉಸಿರು ಸಲೀಸಾಯ್ತು’ ಎನ್ನುತ್ತಾರೆ. ನಿಜಕ್ಕೂ ಆಯಿತೆ?

ಪುದೀನದ ಮೆಂಥಾಲ್ ಮಾಡುವ ಕೆಲಸ ಕುತೂಹಲದ್ದು. ತಂಪನ್ನು ಗುರುತಿಸಲು ನಮ್ಮ ನರಗಳ ತುದಿಯಲ್ಲಿ ಒಂದು ಬಾಗಿಲು ಇದೆ, ಅದರ ಹೆಸರು ಟಿಆರ್‌ಪಿಎಂ8. ತಣ್ಣನೆ ಗಾಳಿ ತಾಗಿದಾಗ ತೆರೆಯಬೇಕಾದ ಆ ಬಾಗಿಲನ್ನು ಮೆಂಥಾಲ್ ಕಳ್ಳಕೀಲಿ ಹಾಕಿ ತೆರೆಯುತ್ತದೆ. ಈ ಬಾಗಿಲನ್ನು ಪತ್ತೆ ಹಚ್ಚಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇದ್ದಾರೆ. ಸ್ಪರ್ಶ ಮತ್ತು ತಾಪವನ್ನು ನರಗಳು ಗುರುತಿಸುವ ಬಗೆಯನ್ನು ಶೋಧಿಸಿದ್ದಕ್ಕೆ 2021ರ ನೊಬೆಲ್ ಇಬ್ಬರಿಗೂ ಸಂದಿತು. ಬಾಗಿಲು ತೆರೆದ ಕೂಡಲೇ ಮಿದುಳು ‘ತಂಪು ಗಾಳಿ ಧಾರಾಳವಾಗಿ ಬರುತ್ತಿದೆ’ ಎಂದುಕೊಳ್ಳುತ್ತದೆ. ಆದರೆ ಮೂಗಿನೊಳಗೆ ಗಾಳಿ ಹಾಯುವ ದಾರಿಯನ್ನು ಅಳೆದರೆ ಅದು ಅಗಲವಾಗಿರುವುದಿಲ್ಲ. ಕಟ್ಟಿದ ಮೂಗು ಕಟ್ಟಿಯೇ ಇರುತ್ತದೆ, ಧೂಳು ಇದ್ದಲ್ಲೇ ಇರುತ್ತದೆ. ಹಾಯೆನಿಸುವುದು ಸುಳ್ಳಲ್ಲ, ಅದಕ್ಕೂ ಬೆಲೆ ಇದೆ. ಧೂಳಿಗೆ ಮಾತ್ರ ಮಾಸ್ಕೇ ಮದ್ದು. ಉಬ್ಬಸ ಇರುವವರು ಇನ್ಹೇಲರ್ ಬಿಟ್ಟು ಮುಲಾಮನ್ನು ನಂಬಿದರೆ ಆ ಹಾಯಿ ಅವರಿಗೆ ಮೋಸ ಮಾಡುತ್ತದೆ.

ಏಪ್ರಿಲ್ 2021ರಲ್ಲಿ ಆಕ್ಸಿಜನ್‌ಗಾಗಿ ಜನ ಪರದಾಡುತ್ತಿದ್ದಾಗ, ಕರ್ಪೂರ, ಲವಂಗ, ಓಮ, ನೀಲಗಿರಿ ಎಣ್ಣೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿದರೆ ಆಮ್ಲಜನಕದ ಮಟ್ಟ ಏರುತ್ತದೆಂಬ ಸಂದೇಶ ಎಲ್ಲ ಮೊಬೈಲಿನಲ್ಲೂ ಓಡಾಡಿತು. ಅದಕ್ಕೆ ಪುರಾವೆ ಇರಲಿಲ್ಲ. ಮೂಸಿದವರಿಗೆ ‘ಉಸಿರು ಬಂತು’ ಅನಿಸಿದ್ದು ಈ ಕಳ್ಳಕೀಲಿಯಿಂದ. ಹಾಗೆ ಅನಿಸಿದ್ದರಿಂದಲೇ ಆಸ್ಪತ್ರೆಗೆ ಹೋಗುವುದು ತಡವಾಗುವ ಅಪಾಯವೂ ಇತ್ತು.

ಫಿಟ್ಸ್ ಬಂದವರನ್ನು ಕೇಳಿದ ಪ್ರಶ್ನೆ

ಕರ್ಪೂರ ಮತ್ತು ನೀಲಗಿರಿ ನರಕೋಶಗಳನ್ನು ಕೆರಳಿಸಬಲ್ಲವು. ಇದನ್ನು ನಮ್ಮ ಕಡೆಯ ವೈದ್ಯರೇ ಜಗತ್ತಿಗೆ ವಿವರವಾಗಿ ತೋರಿಸಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ಒಂದು ಸರಳ ಕೆಲಸ ಮಾಡಿದರು. ಮೊದಲ ಸಲ ಫಿಟ್ಸ್ ಬಂದವರನ್ನೂ, ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಮರುಕಳಿಸಿದವರನ್ನೂ ಸಾರಭೂತ ತೈಲ ಬಳಸಿದ್ದಿರಾ, ಹೇಗೆ, ಎಷ್ಟು ಹೊತ್ತಿನ ಮುಂಚೆ ಎಂದು ಕೇಳಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೈಲ ಬಳಸಿದ ಮೇಲೆ ಫಿಟ್ಸ್ ಬಂದ 55 ವಯಸ್ಕರು ಸಿಕ್ಕಿದರು. ಅವರಲ್ಲಿ 22 ಮಂದಿಗೆ ಹಿಂದೆ ಮೂರ್ಛೆ ರೋಗವೇ ಇರಲಿಲ್ಲ. ದೋಷ ಕಂಡದ್ದು ನೀಲಗಿರಿ ಮತ್ತು ಕರ್ಪೂರ ಬೆರೆತ ಪದಾರ್ಥಗಳಲ್ಲಿ.

ಹಾಗೆಂದು ಮುಲಾಮು ಹಚ್ಚಿದ ಎಲ್ಲರಿಗೂ ಫಿಟ್ಸ್ ಬರುವುದಿಲ್ಲ. ಆದರೆ ಮೂರ್ಛೆ ರೋಗ ಇರುವವರ ಮನೆಯಲ್ಲಿ ಇವೆರಡನ್ನೂ ದೂರ ಇಡುವುದು ಜಾಣತನ. ಮಾತ್ರೆ ಸರಿಯಾಗಿ ನುಂಗಿದರೂ ಯಾಕೆ ಬಂತು ಎಂದು ತಲೆ ಕೆಡಿಸಿಕೊಂಡ ಮನೆಯವರು ದಿಂಬಿನ ಪಕ್ಕದ ಡಬ್ಬಿಯನ್ನೂ ಒಮ್ಮೆ ನೋಡಬೇಕು.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಒಂದು ಗ್ರಾಂನಷ್ಟು ಕರ್ಪೂರ ನುಂಗಿ ಪುಟ್ಟ ಮಕ್ಕಳು ಸತ್ತ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ದೇವರ ಮುಂದಿನ ಬಿಲ್ಲೆ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ನೀಲಗಿರಿ ಎಣ್ಣೆಯಾದರೆ ಒಂದು ಚಮಚದೊಳಗೇ ಮಗು ಮಂಕಾಗಿ, ಉಸಿರು ಕುಗ್ಗಿ, ಪ್ರಜ್ಞೆ ತಪ್ಪಬಹುದು. ಅತ್ತೆಯ ಪ್ರಶ್ನೆಗೆ ಉತ್ತರ ಇದು.

ನೆಗಡಿಯಾದ ಹಸುಗೂಸಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಕಾಯಿಸಿ ತಿಕ್ಕುವ ರೂಢಿ ನಮ್ಮ ಮನೆಗಳಲ್ಲಿದೆ. ಕೂಸಿನ ಚರ್ಮ ತೆಳುವು, ದೇಹ ಸಣ್ಣದು, ಯಕೃತ್ತು ಇನ್ನೂ ಪಳಗಿಲ್ಲ. ಎರಡು ವರ್ಷದ ಒಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ಯಾವುದೂ ಬೇಡ. ಮೂಗಿನ ಹೊಳ್ಳೆಯ ಹತ್ತಿರವಂತೂ ಬೇಡವೇ ಬೇಡ, ಗಂಟಲಿನ ಬಾಗಿಲು ಬಿಗಿದುಕೊಂಡು ಉಸಿರು ಕಟ್ಟಬಹುದು. ಬರೀ ಕೊಬ್ಬರಿ ಎಣ್ಣೆ ತಿಕ್ಕಿ, ಬೆಚ್ಚಗೆ ಹೊದಿಸಿ. ಅಜ್ಜಿಯ ಕೈಯ ಬಿಸಿಯೇ ಅರ್ಧ ಮದ್ದು.

ಕುದಿಯುವ ನೀರಿಗೆ ನೀಲಗಿರಿ ಹನಿಸಿ, ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದೂ ಹಾಗೆಯೇ. ಹಬೆಯಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಬೋಸಿ ಮಗುಚಿ ತೊಡೆ ಬೆಂದ ಮಕ್ಕಳು ಮಾತ್ರ ಆಸ್ಪತ್ರೆಗಳಿಗೆ ಹೊಸಬರಲ್ಲ.

ಹನಿಯ ಲೆಕ್ಕ

ದೊಡ್ಡವರು ಮೈಗೆ ಹಚ್ಚಿಕೊಳ್ಳುವುದಾದರೆ ಒಂದು ಲೆಕ್ಕ ಬಾಯಿಪಾಠವಿರಲಿ. 20 ಹನಿ ಎಂದರೆ ಸುಮಾರು 1 ಮಿಲಿ. 100 ಮಿಲಿ ಕೊಬ್ಬರಿ ಎಣ್ಣೆಗೆ 20 ಹನಿ ಬೆರೆಸಿದರೆ ಶೇಕಡಾ 1ರ ಮಿಶ್ರಣ. ಅಷ್ಟು ಸಾಕು, ಶೇಕಡಾ 2 ದಾಟಬೇಡಿ. ಒಂದು ಸಣ್ಣ ಬಟ್ಟಲಿನ 30 ಮಿಲಿಗೆ 6 ಹನಿ. ನೀರಿಗೆ ಹಾಕಿದರೆ ಬೆರೆಯುವುದಿಲ್ಲ. ಬಕೆಟ್ಟಿನಲ್ಲಿ ತೇಲಿ ನೇರ ಚರ್ಮಕ್ಕೇ ಅಂಟುತ್ತದೆ. ಮೊದಲು ಮೊಣಕೈಯ ಒಳಮಡಿಕೆಗೆ ಒಂಚೂರು ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದರೆ, ನವೆಯಾದರೆ ಆ ಎಣ್ಣೆ ನಿಮಗಲ್ಲ.

ಲವಂಗದೆಣ್ಣೆಗೆ ಈ ಲೆಕ್ಕವೂ ಹೆಚ್ಚಾಯಿತು, ಶೇಕಡಾ ಅರ್ಧದ ಒಳಗಿರಬೇಕು. ಅದರ ಮುಕ್ಕಾಲು ಪಾಲು ಯುಜೆನಾಲ್, ದಂತವೈದ್ಯರು ಸತು ಆಕ್ಸೈಡಿನೊಡನೆ ಕಲಸಿ ಹಲ್ಲಿಗೆ ತುಂಬುವುದು ಅದನ್ನೇ. ಹುಳುಕು ಹಲ್ಲಿಗೆ ಈ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟರೆ ನೋವು ಜೋಮಾಗುತ್ತದೆ, ಒಸಡಿಗೆ ಸೋರಿದರೆ ಸುಡುತ್ತದೆ. ಒಂದು ರಾತ್ರಿ ಕಳೆಯಲು ಸರಿ, ಬೆಳಗಾದರೆ ವೈದ್ಯರ ಹತ್ತಿರ ಹೋಗಬೇಕು.

ಬಳ್ಳಾರಿ ಸೀಮೆಯವರಿಗೆ ಬಿಸಿಲಿನದೊಂದು ವಿಶೇಷ ಎಚ್ಚರಿಕೆ. ನಿಂಬೆ ಸಿಪ್ಪೆಯಿಂದ ಹಿಂಡಿ ತೆಗೆದ ಎಣ್ಣೆಯಲ್ಲಿರುವ ಫ್ಯೂರಾನೊಕೌಮರಿನ್‌ಗಳು ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಚರ್ಮವನ್ನು ಸುಡುತ್ತವೆ. ಬೆಳಿಗ್ಗೆ ಹಚ್ಚಿಕೊಂಡು ಹೊಲಕ್ಕೆ ಹೋದವರ ತೋಳಿನ ಮೇಲೆ ಬೊಬ್ಬೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಶಾಖ ಸೀಸೆಯನ್ನೂ ಬಿಡುವುದಿಲ್ಲ. ತಗಡಿನ ಮಾಡಿನ ಕೆಳಗೆ, ಮುಚ್ಚಳ ಸಡಿಲವಾಗಿ ಇಟ್ಟ ಎಣ್ಣೆಯ ಲಿಮೊನೀನ್, ಲಿನಲೂಲ್‌ಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಅಲರ್ಜಿ ತರುವ ವಸ್ತುಗಳಾಗುತ್ತವೆ. ಗಾಢ ಬಣ್ಣದ ಗಾಜಿನ ಸೀಸೆ, ತಣ್ಣನೆ ಕತ್ತಲ ಜಾಗ, ಬಿಗಿ ಮುಚ್ಚಳ. ಹಳೆಯದನ್ನು ಜೋಪಾನ ಮಾಡಬೇಡಿ. ಇವು ಬೇಗ ಬೆಂಕಿ ಹಿಡಿಯುವಂಥವು, ದೀಪದ ಹಣತೆಗೆ ಸುರಿಯುವ ಸಾಹಸ ಬೇಡ.

ಕಂಪ್ಲಿಯ ಕಡೆ ಕಾಲುವೆ, ಭತ್ತದ ಗದ್ದೆ, ಜೊತೆಗೆ ಸೊಳ್ಳೆ. ಸಿಟ್ರೊನೆಲ್ಲಾದಂಥ ಹುಲ್ಲಿನ ಎಣ್ಣೆ ಸೊಳ್ಳೆಯನ್ನು ದೂರ ಇಡುತ್ತದೆ, ಆದರೆ ಬೇಗ ಹಾರಿಹೋಗುವುದರಿಂದ ಒಂದೆರಡು ತಾಸಿನಲ್ಲಿ ಕಾವಲು ಮುಗಿಯುತ್ತದೆ. ಇಡೀ ರಾತ್ರಿಗೆ ಸೊಳ್ಳೆಪರದೆಯೇ ಸೈ.

ಹಾಗಾದರೆ ಇವುಗಳಿಂದ ಲಾಭವೇ ಇಲ್ಲವೆ? ಇದೆ, ಅಳತೆಯೊಳಗೆ. ಕರುಳಿಗೆ ಹೋಗಿ ಕರಗುವಂತೆ ಕವಚ ಹಾಕಿದ ಪುದೀನದೆಣ್ಣೆಯ ಗುಳಿಗೆ ಕರುಳಿನ ಸೆಳೆತಕ್ಕೆ ಆಗುತ್ತದೆ. ಶೇಕಡಾ 5ರ ಟೀ ಟ್ರೀ ಮುಲಾಮು ಮೊಡವೆಗೆ ನಿಧಾನವಾಗಿ ಕೆಲಸ ಮಾಡುತ್ತದೆ. ಲ್ಯಾವೆಂಡರ್ ವಾಸನೆ ಹಲವರಿಗೆ ಮನಸ್ಸು ಹಗುರ ಮಾಡುತ್ತದೆ. ‘ಅರೋಮಾಥೆರಪಿ’ ಎಂಬ ಹೆಸರಿಟ್ಟ ಫ್ರೆಂಚ್ ರಸಾಯನ ತಜ್ಞ ಗಟ್‌ಫೋಸೆ ಸುಟ್ಟ ಕೈಯನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಅದ್ದಿದ, ತಕ್ಷಣ ವಾಸಿಯಾಯಿತು ಎಂಬ ಕಥೆಯನ್ನು ಮಾರುವವರೆಲ್ಲ ಹೇಳುತ್ತಾರೆ. 1910ರ ಆ ಸ್ಫೋಟದ ಗಾಯ ಕೊಳೆತು ಗ್ಯಾಂಗ್ರೀನಿಗೆ ತಿರುಗಿದ ಮೇಲೆ ಲ್ಯಾವೆಂಡರಿನಿಂದ ತೊಳೆದೆ ಎಂದು ಅವನು ಹೇಳಿಕೊಂಡದ್ದು. ಪವಾಡಕ್ಕೂ ಇದಕ್ಕೂ ಅಂತರ ಇದೆ. ಕೋಣೆಯಲ್ಲಿ ಡಿಫ್ಯೂಸರ್ ಇಡುವುದಾದರೆ ಅರ್ಧ ತಾಸು ಸಾಕು, ಕಿಟಕಿ ತೆರೆದಿರಲಿ. ಬಸುರಿಯರು, ಉಬ್ಬಸದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೋವಿನ ಮುಲಾಮುಗಳಲ್ಲಿರುವ ವಿಂಟರ್‌ಗ್ರೀನ್ ಎಣ್ಣೆ ಆಸ್ಪಿರಿನ್ನಿನ ದಾಯಾದಿ. ಅಪ್ಪಟ ಎಣ್ಣೆಯ ಒಂದು ಚಮಚದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳ ಶಕ್ತಿ ಇರುತ್ತದೆ.

ನುಂಗಿಬಿಟ್ಟರೆ

ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆ ನೀರು, ಗಂಟಲಿಗೆ ಬೆರಳು ಯಾವುದೂ ಬೇಡ. ಹಗುರ ಎಣ್ಣೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ಜಾರಿದರೆ ಹೊಟ್ಟೆಗೆ ಹೋದದ್ದಕ್ಕಿಂತ ದೊಡ್ಡ ಗಂಡಾಂತರ. ಫಿಟ್ಸ್ ಕೆಲವೇ ನಿಮಿಷಗಳಲ್ಲಿ ಬರಬಹುದು, ಆದ್ದರಿಂದ ‘ಸ್ವಲ್ಪ ಹೊತ್ತು ನೋಡೋಣ’ ಎನ್ನದೆ 108ಕ್ಕೆ ಫೋನ್ ಮಾಡಿ. ಹೊಸಪೇಟೆಯೋ ಬಳ್ಳಾರಿಯೋ, ಯಾವ ಆಸ್ಪತ್ರೆಗೆ ಹೋದರೂ ಸೀಸೆಯನ್ನು ಕೈಯಲ್ಲಿ ಹಿಡಿದು ಹೋಗಿ. ಏನು, ಎಷ್ಟು ಎಂಬುದು ವೈದ್ಯರಿಗೆ ಅದರಿಂದ ತಿಳಿಯುತ್ತದೆ. ಕಣ್ಣಿಗೆ ಸಿಡಿದರೆ ಬರೀ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಚರ್ಮ ಉರಿದರೆ ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು.

ಮುಂದಿನ ಸಲ ಗಾದಿಗನೂರಿಗೆ ಹೋದಾಗ ಮಾಡದಲ್ಲಿ ಒಂದು ಸೀಸೆ ಕಡಿಮೆ ಇತ್ತು. ನನಗೆ ನೆಗಡಿಯಾಗಿತ್ತು. ಅತ್ತೆ ಕೊರಳಿನ ಕೀಲಿ ತೆಗೆದು ಸೊಸೆಗೆ ಕೊಟ್ಟರು. “ಟ್ರಂಕಿನ್ಯಾಗ ಆ ವಾಸನಿ ಔಷಧ ಐತಿ, ತಗೊಂಡ್ ಬಾರವ್ವಾ. ಕರ್ಚೀಫಿಗೆ ಒಂದ ಹನಿ ಹಾಕಿ ಕೊಡು.”

ಎಣ್ಣಿ ಎನ್ನಲಿಲ್ಲ.